ಜೋಡಿ ಸೈಕಲ್ಲಿನ ಬ್ರೇಕು: ನಿಲ್ಲಿಸುವುದು ಬೇರೆ, ಇಳಿಜಾರಲ್ಲಿ ತಡೆಯುವುದು ಬೇರೆ

ಪ್ರಶ್ನೆ: ನಾನು ಮತ್ತು ನನ್ನ ತಮ್ಮ ಸೇರಿ ಒಂದು ಹಳೆಯ ಟ್ಯಾಂಡೆಮ್ ಸೈಕಲ್ ಕೊಂಡಿದ್ದೇವೆ. ಅವನಿಗೆ ಕಣ್ಣು ಕಾಣುವುದಿಲ್ಲ, ಹಾಗಾಗಿ ಮುಂದೆ ನಾನು, ಹಿಂದೆ ಅವನು. ಸ್ಟೀಲ್ ಫ್ರೇಮು, ಬಾಗಿದ ಡ್ರಾಪ್ ಹ್ಯಾಂಡಲ್, ಗೇರ್ ಲಿವರುಗಳು ಹ್ಯಾಂಡಲ್ ತುದಿಯಲ್ಲಿವೆ. ಎರಡೂ ಚಕ್ರಕ್ಕೆ ಕ್ಯಾಂಟಿಲಿವರ್ ಬ್ರೇಕು, ಅಂದರೆ ರಿಮ್ಮನ್ನು ಎರಡು ಕಡೆಯಿಂದ ರಬ್ಬರಿನಿಂದ ಒತ್ತುವ ಬಗೆ. ನಾವಿಬ್ಬರು, ಸೈಕಲ್ಲು, ಚೀಲ ಎಲ್ಲ ಸೇರಿ ಸುಮಾರು 165 ಕೆ.ಜಿ. ಸಮತಟ್ಟು ರಸ್ತೆಯಲ್ಲಿ ತೊಂದರೆ ಇಲ್ಲ. ಉದ್ದ ಇಳಿಜಾರಿನಲ್ಲಿ ಮಾತ್ರ ಹಿಂದಿನ ಬ್ರೇಕ್ ಲಿವರ್ ಹ್ಯಾಂಡಲ್‌ಗೆ ತಾಗುವ ತನಕ ಬಂದುಬಿಡುತ್ತದೆ, ರಬ್ಬರ್ ಸುಟ್ಟ ವಾಸನೆಯೂ ಬರುತ್ತದೆ. ಹೈಡ್ರಾಲಿಕ್ ಡಿಸ್ಕ್ ಹಾಕಿಸೋಣ ಅಂತಿದ್ದೇವೆ. ಫೋರ್ಕಿಗೆ ಬ್ರಾಕೆಟ್ ವೆಲ್ಡ್ ಮಾಡಿಕೊಡುತ್ತೇನೆ ಎಂದು ಒಬ್ಬರು ಹೇಳಿದ್ದಾರೆ. ಹಿಂದಿನ ಹಬ್‌ನ ಎಡಗಡೆ ಖಾಲಿ ಥ್ರೆಡ್ ಇದೆ, ಅದು ಯಾತಕ್ಕೆ ಅಂತ ಗೊತ್ತಿಲ್ಲ. ನಮಗೆ ಯಾವ ಬ್ರೇಕು ಸರಿ?

ಉತ್ತರ: ಮೊದಲು ಒಂದು ಮಾತು. ಆ ಉದ್ದ ಇಳಿಜಾರಿಗೆ ಸದ್ಯಕ್ಕೆ ಹೋಗಬೇಡಿ. ಲಿವರ್ ಹ್ಯಾಂಡಲ್‌ಗೆ ತಾಗುತ್ತಿದೆ ಅಂದರೆ ನಿಮ್ಮ ಕೈಯಲ್ಲಿ ಬ್ರೇಕು ಉಳಿದಿಲ್ಲ ಎಂದೇ ಅರ್ಥ. ಹಿಂದೆ ಕೂತವರು ನಿಮ್ಮನ್ನು ನಂಬಿ ಕೂತಿರುತ್ತಾರೆ. ಟ್ಯಾಂಡೆಮ್‌ನಲ್ಲಿ ಬ್ರೇಕಿನ ವಿಷಯ ಮುಂದೆ ಕೂತವರ ಒಬ್ಬರದೇ ಅಲ್ಲ.

ಇನ್ನು ನನ್ನ ಸಲಹೆ. ಫೋರ್ಕಿಗೆ ವೆಲ್ಡ್ ಮಾಡಿಸಬೇಡಿ. ಹೈಡ್ರಾಲಿಕ್ ಡಿಸ್ಕ್ ಈ ಸೈಕಲ್ಲಿಗೆ ಬೇಡ. ಕ್ಯಾಂಟಿಲಿವರ್ ತೆಗೆದು ವಿ-ಬ್ರೇಕ್ (ಉದ್ದ ಕೈಗಳ ರಿಮ್ ಬ್ರೇಕು) ಹಾಕಿಸಿ, ಅದಕ್ಕೆ ಹೊಂದುವ ಲಿವರ್ ಹಾಕಿಸಿ, ಹಿಂದಿನ ಕೇಬಲ್ಲಿನ ಔಟರ್, ಅಂದರೆ ತಂತಿಯ ಹೊರಕೊಳವೆ, ಬದಲಾಯಿಸಿ. ಆ ಖಾಲಿ ಥ್ರೆಡ್ ಇದೆಯಲ್ಲ, ಅದು ಮೂರನೇ ಬ್ರೇಕಿಗಾಗಿ ಬಿಟ್ಟ ಜಾಗ. ಉದ್ದ ಇಳಿಜಾರು ನಿಮಗೆ ಬೇಕೇ ಬೇಕು ಅಂತಿದ್ದರೆ ಅಲ್ಲೊಂದು ಡ್ರಮ್ ಬ್ರೇಕ್ ಕೂರಿಸಿ. ಯಾಕೆ ಹೀಗೆ ಹೇಳುತ್ತಿದ್ದೇನೆ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕಾರಣ ಗೊತ್ತಿದ್ದರೆ ಮುಂದೆ ಬೇರೆ ಸೈಕಲ್ ಕೊಳ್ಳುವಾಗಲೂ ನೀವೇ ನಿರ್ಧಾರ ಮಾಡಬಹುದು.

ಟ್ಯಾಂಡೆಮ್ ಬ್ರೇಕಿಗೆ ಎರಡು ಕೆಲಸ ಇವೆ. ಒಂದು, ಓಡುತ್ತಿರುವ ಸೈಕಲ್ಲನ್ನು ನಿಲ್ಲಿಸುವುದು. ಇನ್ನೊಂದು, ಇಳಿಜಾರಿನಲ್ಲಿ ವೇಗ ಏರದಂತೆ ತಡೆದು ಹಿಡಿಯುವುದು. ಎರಡೂ ಒಂದೇ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಎಷ್ಟು ಬೇರೆ ಅಂತ ಗೊತ್ತಾಗುತ್ತದೆ. ನಿಮ್ಮ 165 ಕೆ.ಜಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ಅದನ್ನು ಪೂರ್ತಿ ನಿಲ್ಲಿಸಿದರೆ ಬ್ರೇಕಿನಲ್ಲಿ ಹುಟ್ಟುವ ಶಾಖ ಸುಮಾರು 10 ಕಿಲೋಜೌಲ್. ಅದೇ ಸೈಕಲ್ಲು 300 ಮೀಟರ್ ಎತ್ತರದಿಂದ ಇಳಿದರೆ ಎಲ್ಲೋ ಒಂದು ಕಡೆ ಕಳೆಯಬೇಕಾದ ಶಕ್ತಿ 485 ಕಿಲೋಜೌಲ್. ಅಂದರೆ 48 ಸಲ ಗಕ್ಕನೆ ನಿಲ್ಲಿಸಿದಷ್ಟು. ಅದರಲ್ಲಿ ಗಾಳಿ ಒಂದು ಪಾಲು ತೆಗೆದುಕೊಳ್ಳುತ್ತದೆ, ಟೈರು ಸ್ವಲ್ಪ ತೆಗೆದುಕೊಳ್ಳುತ್ತದೆ. ಉಳಿದದ್ದೆಲ್ಲ ಬ್ರೇಕಿನ ಪಾಲಿಗೆ.

ಬ್ರೇಕ್ ಬದಲಾಯಿಸುವಾಗ ಜಾಸ್ತಿ ಜನ ನೋಡುವುದು ಮೊದಲನೇ ಕೆಲಸವನ್ನು. ‘ಒತ್ತಿದ ತಕ್ಷಣ ಹಿಡಿಯುತ್ತಾ?’ ಅಂತ ಕೇಳುತ್ತಾರೆ. ಉದ್ದ ಇಳಿಜಾರಲ್ಲಿ ಟ್ಯಾಂಡೆಮ್ ಕೈಕೊಡುವುದು ಎರಡನೇ ಕೆಲಸದಲ್ಲಿ. ನಿಮಗೆ ಬಂದ ಸುಟ್ಟ ವಾಸನೆ ಅದರದೇ.

ನಿಲ್ಲಿಸುವ ವಿಷಯದಲ್ಲಿ ಟ್ಯಾಂಡೆಮ್‌ಗೆ ಒಂದು ಒಳ್ಳೆಯ ಗುಣ ಇದೆ. ಒಂಟಿ ಸೈಕಲ್ಲಿನಲ್ಲಿ ಮುಂದಿನ ಬ್ರೇಕು ಬಲವಾಗಿ ಹಿಡಿದರೆ ಹಿಂದಿನ ಚಕ್ರ ಮೇಲೇಳುತ್ತದೆ. ಅಷ್ಟರಲ್ಲಿ ಹಿಂದಿನ ಬ್ರೇಕಿಗೆ ಕೆಲಸವೇ ಇರುವುದಿಲ್ಲ. ಟ್ಯಾಂಡೆಮ್‌ನ ಎರಡು ಚಕ್ರಗಳ ನಡುವಿನ ಅಂತರ ಜಾಸ್ತಿ, ಸಾಧಾರಣವಾಗಿ ಒಂದೂಮುಕ್ಕಾಲು ಮೀಟರಿನಷ್ಟು. ಹಿಂದೆ ಇನ್ನೊಬ್ಬರ ಭಾರವೂ ಕೂತಿರುತ್ತದೆ. ಹಾಗಾಗಿ ಮುಗ್ಗರಿಸುವ ಭಯ ಬಹುತೇಕ ಇಲ್ಲ. ಒಣ ರಸ್ತೆಯಲ್ಲಿ ಟೈರಿನ ಹಿಡಿತ ಮುಗಿಯುವ ತನಕ ಎರಡೂ ಬ್ರೇಕನ್ನು ಬಳಸಬಹುದು. ಅಂದರೆ ಹಿಂದಿನ ಬ್ರೇಕು ಇಲ್ಲಿ ಹೆಸರಿಗೆ ಮಾತ್ರ ಇರುವುದಲ್ಲ, ನಿಜವಾಗಿ ಕೆಲಸ ಮಾಡಬೇಕು. ನಿಮ್ಮ ಸೈಕಲ್ಲಿನಲ್ಲಿ ಅದೇ ಸೋತಿದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಹಿಂದಿನ ಲಿವರ್ ಯಾಕೆ ಹ್ಯಾಂಡಲ್ ತನಕ ಬರುತ್ತದೆ? ಬ್ರೇಕ್ ಸವೆದಿರಬಹುದು, ಆದರೆ ನನ್ನ ಮೊದಲ ಅನುಮಾನ ಕೇಬಲ್ ಮೇಲೆ. ಟ್ಯಾಂಡೆಮ್‌ನ ಹಿಂದಿನ ಬ್ರೇಕ್ ಕೇಬಲ್ ಸಾಮಾನ್ಯ ಸೈಕಲ್ಲಿನದಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು, ಕೆಲವು ಫ್ರೇಮಿನಲ್ಲಿ ಎರಡು ಪಟ್ಟು ಉದ್ದ. ತಂತಿ ಉದ್ದವಾದಷ್ಟೂ ಎಳೆದಾಗ ಹಿಗ್ಗುವುದು ಜಾಸ್ತಿ. ಅದಕ್ಕಿಂತ ದೊಡ್ಡ ನಷ್ಟ ಔಟರಿನಲ್ಲಿ. ಮಾಮೂಲಿ ಬ್ರೇಕ್ ಔಟರ್ ಒಳಗೆ ಚಪ್ಪಟೆ ತಂತಿಯನ್ನು ಸುರುಳಿ ಸುತ್ತಿರುತ್ತಾರೆ. ಲಿವರ್ ಒತ್ತಿದಾಗ ಆ ಸುರುಳಿಗಳು ಒಂದಕ್ಕೊಂದು ಒತ್ತಿಕೊಂಡು ಔಟರ್ ಗಿಡ್ಡವಾಗುತ್ತದೆ. ನೀವು ಕೈಯಲ್ಲಿ ಒತ್ತಿದ್ದು ಬ್ರೇಕಿಗೆ ಹೋಗುವ ಬದಲು ಔಟರನ್ನು ಕುಗ್ಗಿಸುವುದರಲ್ಲೇ ಖರ್ಚಾಗುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಸೈಕಲ್ಲು ನಿಲ್ಲಿಸಿ ನೀವು ಹಿಂದಿನ ಲಿವರನ್ನು ಜೋರಾಗಿ ಒತ್ತಿ, ಬಿಡಿ, ಮತ್ತೆ ಒತ್ತಿ. ಆಗ ನಿಮ್ಮ ತಮ್ಮ ಔಟರಿನ ಮೇಲೆ ಬೆರಳಿಟ್ಟು ಮುಂದಿನಿಂದ ಹಿಂದಕ್ಕೆ ಹೋಗಲಿ. ಹ್ಯಾಂಡಲ್ ಹತ್ತಿರದ ಬಾಗು, ಫ್ರೇಮಿಗೆ ಸೇರುವ ಸ್ಟಾಪು, ಹಿಂದಿನ ಬ್ರೇಕಿನ ಹತ್ತಿರದ ಬಾಗು, ಈ ಮೂರು ಕಡೆ ಔಟರ್ ಎದ್ದು ನೆಟ್ಟಗಾಗಲು ನೋಡುತ್ತದೆ. ಎಲ್ಲಿ ಜಾಸ್ತಿ ಅಲುಗುತ್ತದೋ ಅಲ್ಲಿ ನಿಮ್ಮ ಬ್ರೇಕಿನ ಬಲ ಸೋರುತ್ತಿದೆ. ಕಣ್ಣಿಗಿಂತ ಬೆರಳಿಗೆ ಇದು ಬೇಗ ತಿಳಿಯುತ್ತದೆ. ಸ್ಟಾಪಿನೊಳಗೆ ಕೂರುವ ಔಟರಿನ ತುದಿಯನ್ನೂ ಹೊರಗೆ ತೆಗೆದು ನೋಡಿ. ಅದನ್ನು ಓರೆಯಾಗಿ ಕತ್ತರಿಸಿದ್ದರೆ, ಅಥವಾ ತಂತಿಯ ಒಂದು ಸುರುಳಿ ಒಳಗೆ ಮಡಚಿಕೊಂಡಿದ್ದರೆ, ಒತ್ತಿದಾಗಲೆಲ್ಲ ಅದು ಸ್ಪ್ರಿಂಗಿನ ಹಾಗೆ ಕುಗ್ಗುತ್ತದೆ. ಅರದಿಂದ ಉಜ್ಜಿ ತುದಿಯನ್ನು ಮಟ್ಟಸ ಮಾಡಿದರೇ ಎಷ್ಟೋ ವ್ಯತ್ಯಾಸ ಗೊತ್ತಾಗುತ್ತದೆ.

ಹೊಸ ಔಟರ್ ತರುವಾಗ ಕುಗ್ಗದ ಬ್ರೇಕ್ ಔಟರ್ ಕೇಳಿ. ಅಂಗಡಿಯಲ್ಲಿ ಇದನ್ನು ಕಂಪ್ರೆಷನ್‌ಲೆಸ್ ಅನ್ನುತ್ತಾರೆ. ಇದರೊಳಗೆ ತಂತಿಗಳು ಸುರುಳಿಯಾಗಿರದೆ ಉದ್ದಕ್ಕೆ ಇರುತ್ತವೆ, ಅವುಗಳ ಮೇಲೆ ಗಟ್ಟಿಯಾದ ಇನ್ನೊಂದು ಸುತ್ತು ಇರುತ್ತದೆ. ಇಲ್ಲಿ ಒಂದು ವಿಷಯದಲ್ಲಿ ದಯವಿಟ್ಟು ಎಚ್ಚರವಾಗಿರಿ. ಗೇರಿನ ಔಟರ್ ಒಳಗೂ ತಂತಿಗಳು ಉದ್ದಕ್ಕೇ ಇರುತ್ತವೆ, ನೋಡಲು ಒಂದೇ ಥರ. ಆದರೆ ಅದನ್ನು ಹಿಡಿದಿಟ್ಟಿರುವುದು ಬರೀ ಪ್ಲಾಸ್ಟಿಕ್. ಬ್ರೇಕಿಗೆ ಹಾಕಿ ಜೋರಾಗಿ ಒತ್ತಿದರೆ ಅದು ಒಡೆದು ತಂತಿಗಳು ಹೊರಗೆ ಬರುತ್ತವೆ, ಬ್ರೇಕು ಪೂರ್ತಿ ಹೋಗುತ್ತದೆ. ಪೊಟ್ಟಣದ ಮೇಲೆ ಬ್ರೇಕಿಗೆ ಅಂತ ಬರೆದಿದ್ದರೆ ಮಾತ್ರ ತನ್ನಿ. ಒಳಗಿನ ತಂತಿಯೂ ಟ್ಯಾಂಡೆಮ್ ಉದ್ದದ್ದೇ ಬೇಕು. ಮಾಮೂಲಿ ತಂತಿ ಹಿಂದಿನ ಚಕ್ರ ಮುಟ್ಟುವುದಿಲ್ಲ. ಎರಡು ತುಂಡು ಸೇರಿಸಿ ಉದ್ದ ಮಾಡುವ ಕೆಲಸ ಖಂಡಿತ ಬೇಡ.

ಈಗ ಬ್ರೇಕಿಗೆ ಬರೋಣ. ಕ್ಯಾಂಟಿಲಿವರ್ ಕೆಟ್ಟ ಬ್ರೇಕಲ್ಲ. ಸರಿಯಾಗಿ ಕೂರಿಸಿದರೆ ಚೆನ್ನಾಗಿಯೇ ಹಿಡಿಯುತ್ತದೆ. ಕಷ್ಟ ಏನೆಂದರೆ ಬ್ರೇಕಿನ ಎರಡು ಕೈಗಳನ್ನು ಸೇರಿಸುವ ಅಡ್ಡ ತಂತಿ ಎಷ್ಟು ಎತ್ತರದಲ್ಲಿದೆ ಅನ್ನುವುದರ ಮೇಲೆ ಅದರ ಬಲ ನಿಂತಿರುತ್ತದೆ. ಅಡ್ಡ ತಂತಿ ತುಂಬ ಮೇಲಿದ್ದರೆ ಲಿವರ್ ಗಟ್ಟಿ ಅನ್ನಿಸುತ್ತದೆ, ಆದರೆ ಚಕ್ರ ನಿಲ್ಲುವುದಿಲ್ಲ. ಕೆಳಗಿಳಿಸಿದರೆ ಬಲ ಬರುತ್ತದೆ, ಲಿವರ್ ಜಾಸ್ತಿ ಚಲಿಸುತ್ತದೆ. ಉದ್ದ ಕೇಬಲ್ಲಿನಲ್ಲಿ ಆ ಜಾಸ್ತಿ ಚಲನೆ ಸಿಗುವುದಿಲ್ಲ. ವಿ-ಬ್ರೇಕ್‌ನಲ್ಲಿ ಈ ತಾಪತ್ರಯ ಇಲ್ಲ. ಅದರ ಉದ್ದ ಕೈಗಳೇ ಬಲ ಕೊಡುತ್ತವೆ. ಕ್ಯಾಂಟಿಲಿವರ್ ಕೂತಿರುವ ಅದೇ ಗುಬುಟಿನ ಮೇಲೆ ವಿ-ಬ್ರೇಕ್ ಕೂರುತ್ತದೆ, ಫ್ರೇಮಿನಲ್ಲಿ ಏನೂ ಕೊರೆಯಬೇಕಿಲ್ಲ. ಇನ್ನೊಂದು ಲಾಭವೂ ಇದೆ. ಅದೇ ಹಿಡಿತಕ್ಕೆ ವಿ-ಬ್ರೇಕಿನ ಕೇಬಲ್ಲಿನ ಮೇಲೆ ಬೀಳುವ ಬಲ ಕಡಿಮೆ. ಹಾಗಾಗಿ ಔಟರ್ ಕುಗ್ಗುವುದೂ ಕಡಿಮೆ. ಟ್ಯಾಂಡೆಮ್‌ಗೆ ನನಗೆ ಇದು ಇಷ್ಟವಾಗುವುದು ಈ ಕಾರಣಕ್ಕೆ.

ಆದರೆ ಲಿವರ್ ಬದಲಾಯಿಸದೆ ಬರೀ ವಿ-ಬ್ರೇಕ್ ಹಾಕಿದರೆ ಈಗಿರುವುದಕ್ಕಿಂತ ಕೆಟ್ಟದಾಗುತ್ತದೆ. ವಿ-ಬ್ರೇಕಿಗೆ ಕ್ಯಾಂಟಿಲಿವರ್‌ಗಿಂತ ಹೆಚ್ಚುಕಡಿಮೆ ಎರಡರಷ್ಟು ಕೇಬಲ್ ಎಳೆಯಬೇಕು. ನಿಮ್ಮ ಡ್ರಾಪ್ ಹ್ಯಾಂಡಲ್ಲಿನ ಲಿವರುಗಳು ಅಷ್ಟು ಎಳೆಯುವುದಿಲ್ಲ. ರಬ್ಬರು ರಿಮ್ಮಿಗೆ ಸರಿಯಾಗಿ ಒತ್ತುವ ಮೊದಲೇ ಲಿವರ್ ಹ್ಯಾಂಡಲ್‌ಗೆ ತಾಗುತ್ತದೆ. ನಿಮ್ಮ ಅದೃಷ್ಟಕ್ಕೆ ಗೇರ್ ಲಿವರುಗಳು ಹ್ಯಾಂಡಲ್ ತುದಿಯಲ್ಲಿವೆ, ಬ್ರೇಕ್ ಲಿವರಿನ ಜೊತೆ ಸೇರಿಕೊಂಡಿಲ್ಲ. ಹಾಗಾಗಿ ಗೇರಿನ ತಂಟೆಗೆ ಹೋಗದೆ ಬ್ರೇಕ್ ಲಿವರುಗಳನ್ನು ಮಾತ್ರ ಬದಲಾಯಿಸಬಹುದು. ಡ್ರಾಪ್ ಹ್ಯಾಂಡಲ್‌ಗೇ ಮಾಡಿದ, ವಿ-ಬ್ರೇಕಿಗೆ ಬೇಕಾದಷ್ಟು ಉದ್ದ ಎಳೆಯುವ ಲಿವರುಗಳಿವೆ. ಟೆಕ್ಟ್ರೋ ಕಂಪನಿಯ ಆರ್‌ಎಲ್520 ಅಂಥದ್ದೊಂದು. ಗೇರು ಬ್ರೇಕು ಎರಡೂ ಒಂದೇ ಲಿವರಿನಲ್ಲಿದ್ದಿದ್ದರೆ ನಡುವೆ ಒಂದು ಪುಟ್ಟ ರಾಟೆ ಕೂರಿಸಿ ಎಳೆತವನ್ನು ದುಪ್ಪಟ್ಟು ಮಾಡಬೇಕಾಗುತ್ತಿತ್ತು. ಗಿಡ್ಡ ಕೈಗಳ ಮಿನಿ ವಿ-ಬ್ರೇಕೂ ಒಂದು ದಾರಿ. ಆದರೆ ಅದರಡಿ ದಪ್ಪ ಟೈರು, ಮಡ್‌ಗಾರ್ಡು ಹಿಡಿಸುವುದು ಕಷ್ಟ.

ಲಿವರ್ ಒತ್ತಿದಾಗ ಕೈಗೆ ಗಟ್ಟಿ ಅನ್ನಿಸಿದರೆ ಬ್ರೇಕು ಚೆನ್ನಾಗಿದೆ ಅಂತ ಜನ ತಿಳಿಯುತ್ತಾರೆ. ಇದು ಪೂರ್ತಿ ನಿಜವಲ್ಲ. ಉದ್ದ ಎಳೆಯುವ ಲಿವರನ್ನು ಕ್ಯಾಂಟಿಲಿವರ್‌ಗೆ ಕಟ್ಟಿದರೆ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ, ಹಿಡಿತ ಅರ್ಧಕ್ಕೆ ಇಳಿದಿರುತ್ತದೆ. ಹಾಗಾಗಿ ಲಿವರನ್ನೂ ಬ್ರೇಕನ್ನೂ ಜೋಡಿಯಾಗಿಯೇ ಆರಿಸಿ.

ಬ್ರೇಕ್ ರಬ್ಬರಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸುಟ್ಟ ವಾಸನೆ ಬಂದ ರಬ್ಬರಿನ ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿರುತ್ತದೆ. ಅದನ್ನು ಎಸೆದುಬಿಡಿ. ಹೊಸದರಲ್ಲಿ ರಬ್ಬರನ್ನು ಲೋಹದ ತೊಟ್ಟಿಗೆ ಜಾರಿಸಿ ಕೂರಿಸುವ ಬಗೆ ಒಳ್ಳೆಯದು, ಸವೆದಾಗ ರಬ್ಬರು ಮಾತ್ರ ಬದಲಾಯಿಸಬಹುದು. ಆ ತೊಟ್ಟಿಗೆ ಒಂದು ತುದಿ ಮುಚ್ಚಿದ್ದು, ಇನ್ನೊಂದು ತೆರೆದದ್ದು. ಮುಚ್ಚಿದ ತುದಿ ಸೈಕಲ್ ಹೋಗುವ ದಿಕ್ಕಿಗೇ ಇರಬೇಕು. ತಿರುಗಾಮುರುಗಾ ಹಾಕಿದರೆ ಚಕ್ರವೇ ರಬ್ಬರನ್ನು ಹೊರಗೆ ಎಳೆದುಕೊಂಡು ಹೋಗುತ್ತದೆ. ಮಳೆಯಲ್ಲೂ ಓಡಿಸುತ್ತೀರಾದರೆ ಕೂಲ್‌ಸ್ಟಾಪ್‌ನ ಸಾಲ್ಮನ್ ಬಣ್ಣದ ರಬ್ಬರು ಒದ್ದೆ ರಿಮ್ಮಿನಲ್ಲಿ ಒಳ್ಳೆಯ ಹಿಡಿತ ಕೊಡುತ್ತದೆ.

ಇಷ್ಟು ಮಾಡಿದರೆ ನಿಲ್ಲಿಸುವ ಕೆಲಸ ಬಗೆಹರಿಯಿತು. ಈಗ ತಡೆಯುವ ಕೆಲಸ.

100 ಮೀಟರಿಗೆ 8 ಮೀಟರ್ ಇಳಿಯುವ ರಸ್ತೆ, ಅಂದರೆ ಶೇಕಡಾ 8ರ ಇಳಿಜಾರು ಅಂದುಕೊಳ್ಳಿ. ಅಲ್ಲಿ ಗಂಟೆಗೆ 36 ಕಿ.ಮೀ. ವೇಗವನ್ನು ಏರದಂತೆ ಹಿಡಿದಿಟ್ಟರೆ, ಗಾಳಿ ಮತ್ತು ಟೈರಿನ ಪಾಲು ಕಳೆದ ಮೇಲೂ ಬ್ರೇಕುಗಳಿಗೆ ಬರುವುದು ಸುಮಾರು 950 ವ್ಯಾಟ್. ಒಂದು ಇಸ್ತ್ರಿಪೆಟ್ಟಿಗೆಯನ್ನು ಪೂರ್ತಿ ಕಾವಿಗಿಟ್ಟು ಆರಿಸದೇ ಬಿಟ್ಟ ಹಾಗೆ. ಅದೇ ರಸ್ತೆಯಲ್ಲಿ ಅದೇ ವೇಗಕ್ಕೆ ಒಂಟಿ ಸವಾರನ ಬ್ರೇಕಿಗೆ ಬರುವುದು ಇದರ ಶೇಕಡಾ 40ರಷ್ಟು. ಭಾರ ಎರಡು ಪಟ್ಟು ಆದರೂ ಗಾಳಿಯ ತಡೆ ಎರಡು ಪಟ್ಟು ಆಗುವುದಿಲ್ಲ. ಹಿಂದಿನವರು ಮುಂದಿನವರ ಮರೆಯಲ್ಲಿ ಕೂತಿರುತ್ತಾರಲ್ಲ. ಏರಿನಾಚೆ ಟ್ಯಾಂಡೆಮ್ ಬಾಣದಂತೆ ಇಳಿಯುವುದೂ ಇದರಿಂದಲೇ, ಬ್ರೇಕಿಗೆ ಎರಡು ಪಟ್ಟಿಗಿಂತ ಜಾಸ್ತಿ ಹೊರೆ ಬೀಳುವುದೂ ಇದರಿಂದಲೇ.

ಈ ಶಾಖ ಎಲ್ಲಿಗೆ ಹೋಗುತ್ತದೆ? ರಿಮ್ ಬ್ರೇಕಿನಲ್ಲಿ ರಿಮ್ಮಿಗೆ. ಅರ್ಧ ಕೆ.ಜಿ. ಅಲ್ಯುಮಿನಿಯಂ ರಿಮ್ಮಿಗೆ ಮೇಲಿನ ಶಾಖದ ಅರ್ಧ ಪಾಲು ಸುರಿದರೆ, ಗಾಳಿ ತಣಿಸುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಸೆಕೆಂಡಿಗೆ 1 ಡಿಗ್ರಿಯಷ್ಟು ಬಿಸಿ ಏರುತ್ತದೆ. 203 ಮಿ.ಮೀ. ಅಗಲದ ಡಿಸ್ಕ್ ರೋಟರಿನ, ಅಂದರೆ ಪ್ಯಾಡು ಹಿಡಿಯುವ ಉಕ್ಕಿನ ತಟ್ಟೆಯ, ತೂಕ 200 ಗ್ರಾಂ ಆಸುಪಾಸು. ಉಕ್ಕು ಅಲ್ಯುಮಿನಿಯಂನಷ್ಟು ಶಾಖ ಹಿಡಿದಿಟ್ಟುಕೊಳ್ಳುವುದೂ ಇಲ್ಲ. ಅದೇ ಶಾಖಕ್ಕೆ ಅದು ಸೆಕೆಂಡಿಗೆ 5 ಡಿಗ್ರಿ ಏರುತ್ತದೆ. ನೋಡಿ, ಶಾಖ ತಡೆದುಕೊಳ್ಳುವ ವಿಷಯದಲ್ಲಿ ರಿಮ್ಮೇ ಮುಂದು. ಡಿಸ್ಕ್ ಹಾಕಿದ ಮಾತ್ರಕ್ಕೆ ಬಿಸಿಯ ಸಮಸ್ಯೆ ತೀರುವುದಿಲ್ಲ ಅಂತ ನಾನು ಹೇಳುವುದು ಇದಕ್ಕೇ.

ಹಾಗಾದರೆ ರಿಮ್ ಬ್ರೇಕಿನ ಅಪಾಯ ಏನು? ರಿಮ್ಮಿನ ಮೇಲೆಯೇ ಟೈರು ಕೂತಿದೆ. ರೋಟರ್ 300 ಡಿಗ್ರಿಗೆ ಹೋದರೂ ಅದಕ್ಕೆ ಅಂಟಿಕೊಂಡು ಟೈರು ಇಲ್ಲ. ರಿಮ್ಮು ಅದರ ಅರ್ಧಕ್ಕೆ ಹೋಗುವ ಮೊದಲೇ ಟ್ಯೂಬಿಗೆ, ಟೈರಿನ ಅಂಚಿಗೆ ಕಷ್ಟ ಶುರುವಾಗುತ್ತದೆ. ಒಳಗಿನ ಗಾಳಿ ಬಿಸಿಯಾಗಿ ಒತ್ತಡ ಏರುತ್ತದೆ, ಟೈರಿನ ಅಂಚು ಮೆತ್ತಗಾಗಿ ರಿಮ್ಮಿನಿಂದ ಜಾರುತ್ತದೆ. ಮುಂದಿನ ಟೈರು ಹೀಗೆ ಸಿಡಿದರೆ ಹ್ಯಾಂಡಲ್ ಹತೋಟಿಗೆ ಬರುವುದು ಬಹಳ ಕಷ್ಟ. ಆದ್ದರಿಂದ ಈಗಲೇ ಚಕ್ರ ಬಿಚ್ಚಿ ಎರಡು ವಿಷಯ ನೋಡಿ. ಒಂದು, ಟ್ಯೂಬಿನ ಕೆಳಗಿನ ರಿಮ್ ಪಟ್ಟಿ. ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿಯಾಗಿದ್ದರೆ ಬಿಸಿಗೆ ಮೆತ್ತಗಾಗಿ ಕಡ್ಡಿ ತೂತುಗಳೊಳಗೆ ಕುಸಿಯುತ್ತದೆ, ಟ್ಯೂಬು ಅದರ ಹಿಂದೆಯೇ ತೂತಿಗೆ ಉಬ್ಬಿ ಒಡೆಯುತ್ತದೆ. ಬಟ್ಟೆಯ ಪಟ್ಟಿ ಹಾಕಿ. ಎರಡು, ರಿಮ್ಮಿನ ಪಕ್ಕೆ. ಒಂದು ಸ್ಕೇಲನ್ನು ಬ್ರೇಕ್ ಹಿಡಿಯುವ ಜಾಗಕ್ಕೆ ಅಡ್ಡ ಹಿಡಿದು ಬೆಳಕಿಗೆ ನೋಡಿ. ನಡುವೆ ಬೆಳಕು ತೂರಿದರೆ ಪಕ್ಕೆ ಸವೆದು ಗುಳಿ ಬಿದ್ದಿದೆ ಎಂದರ್ಥ. ಹಳೆಯ ಟ್ಯಾಂಡೆಮ್‌ನಲ್ಲಿ ಇದು ಸಾಮಾನ್ಯ. ಗುಳಿ ಎದ್ದು ಕಾಣುವಂತಿದ್ದರೆ ಬ್ರೇಕಿಗಿಂತ ಮೊದಲು ರಿಮ್ಮು ಬದಲಾಯಿಸಿ. ಒಳಗಿನ ಗಾಳಿಯ ಒತ್ತಡಕ್ಕೆ ಆ ಪಕ್ಕೆಯೇ ಬಿರಿಯಬಹುದು.

ಆ ಖಾಲಿ ಥ್ರೆಡ್ಡಿಗೆ ಬೆಲೆ ಬರುವುದು ಇಲ್ಲಿ. ಟ್ಯಾಂಡೆಮ್ ಹಬ್‌ನ ಎಡಕ್ಕೆ ಡ್ರಮ್ ಬ್ರೇಕ್ ಕೂರಿಸುವುದು ಹಳೆಯ ಪದ್ಧತಿ. ಜಪಾನಿನ ಅರಾಯಿ ಕಂಪನಿಯ ಡ್ರಮ್ಮು ಇದಕ್ಕೆ ಹೆಸರುವಾಸಿ. ಈಗ ಅದರ ತಯಾರಿಕೆ ನಿಂತಿದೆ, ಹಳೆಯವು ಕೈಯಿಂದ ಕೈಗೆ ಮಾರಾಟವಾಗುತ್ತವೆ. ಫ್ರೀವ್ಹೀಲ್ ಕೂರಿಸುವಂಥದೇ ಥ್ರೆಡ್ ಅದು. ಬ್ರೇಕು ಹಿಡಿದಷ್ಟೂ ಡ್ರಮ್ಮು ಇನ್ನಷ್ಟು ಬಿಗಿಯಾಗಿ ಕೂರುತ್ತದೆ, ಬಿಚ್ಚಿಕೊಂಡು ಹೋಗುವ ಭಯ ಇಲ್ಲ. ಕೂರಿಸುವ ಮೊದಲು ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಇಲ್ಲದಿದ್ದರೆ ಮುಂದೆ ಬಿಚ್ಚುವಾಗ ತುಂಬ ಒದ್ದಾಡಬೇಕಾಗುತ್ತದೆ. ಡ್ರಮ್ಮಿನಿಂದ ಚಾಚಿಕೊಂಡಿರುವ ತಡೆಗೈಯನ್ನು ಫ್ರೇಮಿನ ಕೆಳಗಿನ ಕೊಳವೆಗೆ ಬಿಗಿಯಾಗಿ ಕಟ್ಟಬೇಕು. ಅದು ಸಡಿಲವಾದರೆ ಬ್ರೇಕು ಒತ್ತಿದಾಗ ಡ್ರಮ್ಮಿನ ಒಳಭಾಗ ಪೂರ್ತಿ ಚಕ್ರದ ಜೊತೆ ಸುತ್ತಲು ನೋಡುತ್ತದೆ.

ಡ್ರಮ್ಮಿನಿಂದ ಸೈಕಲ್ ಗಕ್ಕನೆ ನಿಲ್ಲುವುದಿಲ್ಲ. ಅದನ್ನು ಅದಕ್ಕೆ ಮಾಡಿಯೂ ಇಲ್ಲ. ಭಾರದ ಲೋಹ ಇರುವುದರಿಂದ ತುಂಬ ಹೊತ್ತು ಶಾಖ ತಿನ್ನುತ್ತಾ ಕೂರುತ್ತದೆ, ಟೈರನ್ನು ಬಿಸಿ ಮಾಡುವುದಿಲ್ಲ. ಇಳಿಜಾರಿನಲ್ಲಿ ಮೂಲ ಹೊರೆಯನ್ನು ಅದು ಹೊರುತ್ತದೆ. ನಿಮ್ಮ ಎರಡು ಕೈಬ್ರೇಕುಗಳು ತಣ್ಣಗೆ ಉಳಿದು ತಿರುವಿಗೆ, ಅಡ್ಡ ಬರುವ ದನಕರುಗಳಿಗೆ ಸಿದ್ಧವಾಗಿರುತ್ತವೆ. ಡ್ರಮ್ಮಿನ ಹಿಡಿ ಗೇರ್ ಲಿವರಿನ ಹಾಗೆ, ಇಟ್ಟಲ್ಲಿ ನಿಲ್ಲುವಂತಿರಬೇಕು. ಒತ್ತಿ ಹಿಡಿದುಕೊಂಡೇ ಇರಬೇಕಾದ ಲಿವರ್ ಆದರೆ ಕೈ ಸೋಲುತ್ತದೆ.

ಅದು ಯಾರ ಕೈಯಲ್ಲಿರಬೇಕು? ನಿಮ್ಮ ತಮ್ಮನ ಕೈಯಲ್ಲಿ ಅಂತ ನಾನು ಹೇಳುತ್ತೇನೆ. ಇದನ್ನು ಕಣ್ಣಿನಿಂದ ನೋಡಿ ಮಾಡುವ ಕೆಲಸವಲ್ಲ. ಇಳಿಜಾರು ಶುರುವಾಗುವಾಗ ನೀವು ‘ಹಾಕು’ ಅನ್ನುತ್ತೀರಿ, ಅವರು ಹಾಕುತ್ತಾರೆ. ‘ಇನ್ನೂ’ ಅಂದರೆ ಇನ್ನೂ ಸ್ವಲ್ಪ. ‘ಬಿಡು’ ಅಂದರೆ ಪೂರ್ತಿ ಬಿಡುತ್ತಾರೆ. ವೇಗ ಏರುತ್ತಿರುವುದು ಹಿಂದೆ ಕೂತವರಿಗೆ ಗಾಳಿಯ ಸದ್ದಿನಲ್ಲಿ, ಪೆಡಲಿನ ಹಗುರದಲ್ಲಿ ಚೆನ್ನಾಗಿಯೇ ಗೊತ್ತಾಗುತ್ತದೆ. ನಿಮ್ಮ ಎರಡು ಕೈಗಳಿಗೆ ಹ್ಯಾಂಡಲ್, ಎರಡು ಬ್ರೇಕು, ಗೇರು ಎಲ್ಲ ಇವೆ. ಮೂರನೆಯದನ್ನೂ ಅಲ್ಲೇ ಸೇರಿಸುವುದಕ್ಕಿಂತ ಇಬ್ಬರೂ ಹಂಚಿಕೊಳ್ಳುವುದೇ ಚೆಂದ. ಪದಗಳನ್ನು ಮಾತ್ರ ಮೊದಲೇ ಗೊತ್ತುಮಾಡಿಕೊಳ್ಳಿ, ಸಣ್ಣ ಇಳಿಜಾರಿನಲ್ಲಿ ರೂಢಿ ಮಾಡಿಕೊಳ್ಳಿ. ಕೆಳಗೆ ತಲುಪಿದ ಮೇಲೆ ಡ್ರಮ್ಮನ್ನು ಬಿಡಲು ಮರೆತು ತುಳಿಯುತ್ತಾ ಹೋಗುವುದು ಎಲ್ಲ ಜೋಡಿಗಳಿಗೂ ಆಗುವಂಥದ್ದು. ಹಾಗಾಗಿ ‘ಬಿಡು’ ಅಂದಮೇಲೆ ಅವರಿಂದ ‘ಬಿಟ್ಟೆ’ ಅನ್ನುವ ಉತ್ತರ ಬರಲಿ.

ಇನ್ನು ಡಿಸ್ಕ್ ಬಗ್ಗೆ. ಡಿಸ್ಕ್ ಒಳ್ಳೆಯ ಬ್ರೇಕು. ಹೊಸ ಟ್ಯಾಂಡೆಮ್ ಕೊಳ್ಳುವವರಿಗೆ ನಾನು ಡಿಸ್ಕನ್ನೇ ಹೇಳುತ್ತೇನೆ. ಮಳೆಯಲ್ಲಿ ಹಿಡಿಯುತ್ತದೆ, ರಿಮ್ಮು ಸವೆಯುವುದಿಲ್ಲ, ಟೈರಿಗೆ ಬಿಸಿ ಮುಟ್ಟುವುದಿಲ್ಲ. ಆದರೆ ಅದಕ್ಕಾಗಿಯೇ ಮಾಡಿದ ಫ್ರೇಮು, ಫೋರ್ಕು, ಹಬ್ ಬೇಕು. ನಿಮ್ಮ ಫೋರ್ಕಿನ ಕಥೆ ನೋಡಿ. ರಿಮ್ ಬ್ರೇಕಿನ ಬಲ ಫೋರ್ಕಿನ ಮೇಲ್ಭಾಗದಲ್ಲಿ, ಎರಡೂ ಕಾಲಿಗೆ ಹಂಚಿಕೊಂಡು ಬೀಳುತ್ತದೆ. ಡಿಸ್ಕಿನ ಬಲ ಎಡಗಾಲಿನ ತುದಿಗೆ ಮಾತ್ರ ಬೀಳುತ್ತದೆ. ಅದೂ ಸಣ್ಣ ಬಲವಲ್ಲ. ಚಕ್ರದ ತ್ರಿಜ್ಯ 340 ಮಿ.ಮೀ., ಪ್ಯಾಡು ಹಿಡಿಯುವ ಜಾಗದ ತ್ರಿಜ್ಯ 95 ಮಿ.ಮೀ. ಅಂದರೆ ಟೈರು ರಸ್ತೆಯನ್ನು ಹಿಡಿಯುವ ಬಲದ ಮೂರೂವರೆ ಪಟ್ಟಿಗಿಂತ ಜಾಸ್ತಿ ಆ ಬ್ರಾಕೆಟ್ಟಿನ ಮೇಲೆ. ನಿಮ್ಮ ಭಾರಕ್ಕೆ ಜೋರಾಗಿ ಬ್ರೇಕು ಹಿಡಿದರೆ ಅಲ್ಲಿ 170 ಕೆ.ಜಿ.ಯಷ್ಟು ತೂಕ ನೇತು ಹಾಕಿದಷ್ಟು ಬಲ ಬೀಳುತ್ತದೆ. ರಿಮ್ ಬ್ರೇಕಿನ ಫೋರ್ಕಿನ ಕಾಲು ಕೆಳಗೆ ಹೋದಂತೆ ತೆಳ್ಳಗಾಗುತ್ತದೆ, ಅದೇ ಜಾಗದಲ್ಲಿ ವೆಲ್ಡ್ ಮಾಡಿದರೆ ಕೊಳವೆ ಇನ್ನಷ್ಟು ದುರ್ಬಲವಾಗುತ್ತದೆ. ಸಾಲದ್ದಕ್ಕೆ, ಕಾಲಿನ ಹಿಂದೆ ಕೂತ ಕ್ಯಾಲಿಪರ್ (ಪ್ಯಾಡುಗಳನ್ನು ಒತ್ತುವ ಭಾಗ) ಬ್ರೇಕು ಹಿಡಿದಾಗ ಚಕ್ರದ ಅಚ್ಚನ್ನು ಕೆಳಕ್ಕೆ ನೂಕುತ್ತದೆ. ಕೆಳಗೆ ಬಾಯಿ ತೆರೆದ ಹಳೆಯ ಫೋರ್ಕಿನಲ್ಲಿ ಅಚ್ಚು ಸಡಿಲವಾದರೆ ಚಕ್ರವೇ ಹೊರಗೆ ಬರಬಹುದು. ಡಿಸ್ಕಿಗೆ ಮಾಡಿದ ಅನೇಕ ಫೋರ್ಕುಗಳಲ್ಲಿ ಅಚ್ಚು ತೂತಿನೊಳಗೆ ತೂರಿ ಹೋಗುವಂತಿರುವುದು ಇದಕ್ಕೆ. ವೆಲ್ಡ್ ಮಾಡಿಕೊಡುತ್ತೇನೆ ಅಂದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೂ ಬೇಡ.

ಮುಂದೆ ಎಂದಾದರೂ ಡಿಸ್ಕ್ ಇರುವ ಟ್ಯಾಂಡೆಮ್ ನೋಡುವಾಗ ಇವನ್ನು ಕೇಳಿ. ರೋಟರ್ ಎರಡೂ ಕಡೆ 203 ಮಿ.ಮೀ. ಇರಲಿ. 160ಕ್ಕೆ ಹೋಲಿಸಿದರೆ ಅದೇ ಒತ್ತಡಕ್ಕೆ ಕಾಲು ಪಾಲಿಗಿಂತ ಜಾಸ್ತಿ ಹಿಡಿತ, ಶಾಖಕ್ಕೂ ಹೆಚ್ಚು ಜಾಗ. ಫೋರ್ಕು ಮತ್ತು ಫ್ರೇಮು ಮಾಡಿದವರು ಅಷ್ಟು ದೊಡ್ಡದಕ್ಕೆ ಒಪ್ಪಿದ್ದಾರಾ ಅಂತ ನೋಡಿ. ರೋಟರ್ ಇಡೀ ಉಕ್ಕಿನದಾಗಿರಲಿ. ನಡುವೆ ಅಲ್ಯುಮಿನಿಯಂ ಹಾಳೆ ಇಟ್ಟು ಎರಡೂ ಕಡೆ ಉಕ್ಕು ಹೊದಿಸಿದ ರೋಟರುಗಳು ಒಂಟಿ ಸೈಕಲ್ಲಿಗೆ ಚೆನ್ನಾಗಿವೆ. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಬಲ ಕುಂದುವುದು ಅದಕ್ಕಿಂತ ಬಹಳ ಮೊದಲೇ. ಟ್ಯಾಂಡೆಮ್ ಇಳಿಜಾರಿನ ಶಾಖಕ್ಕೆ ಅದನ್ನು ನಾನು ನೆಚ್ಚುವುದಿಲ್ಲ. ಪ್ಯಾಡು ಲೋಹದ ಪುಡಿಯಿಂದ ಮಾಡಿದ ಸಿಂಟರ್ಡ್ ಇರಲಿ. ರಾಳದ ಪ್ಯಾಡು ಸದ್ದಿಲ್ಲದೆ ಹಿಡಿಯುತ್ತದೆ, ಬಿಸಿಗೆ ಬೇಗ ಸೋಲುತ್ತದೆ.

ಹೈಡ್ರಾಲಿಕ್ಕೋ ಕೇಬಲ್ ಡಿಸ್ಕೋ ಅನ್ನುವುದಕ್ಕೆ ನನ್ನ ಉತ್ತರ ಇಳಿಜಾರಿನ ಉದ್ದದ ಮೇಲೆ ನಿಂತಿದೆ. ಹೈಡ್ರಾಲಿಕ್ಕಿನಲ್ಲಿ ಬೆರಳಿಗೆ ಹಗುರ, ಉದ್ದ ಕೇಬಲ್ಲಿನ ರಗಳೆ ಇಲ್ಲ. ಆದರೆ ಕ್ಯಾಲಿಪರ್ ಒಳಗಿನ ಎಣ್ಣೆ ಕುದಿದರೆ ಆವಿಯ ಗುಳ್ಳೆ ಹುಟ್ಟಿ, ಲಿವರ್ ಒಮ್ಮೆಲೇ ಹ್ಯಾಂಡಲ್ ತನಕ ಹೋಗುತ್ತದೆ. ಕೆಲವು ಬ್ರೇಕುಗಳಲ್ಲಿ ಎಣ್ಣೆಯ ಜಾಗದಲ್ಲಿರುವ ಡಾಟ್ 4 ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಎಂಬ ನಿಯಮ ಇದೆ. ಅದು ಗಾಳಿಯ ತೇವ ಹೀರುತ್ತದೆ, ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಹಾಗಾಗಿ ಡಾಟ್ ದ್ರವವನ್ನು ವರ್ಷಕ್ಕೊಮ್ಮೆಯಾದರೂ ಬದಲಾಯಿಸಬೇಕು. ಉಳಿದ ಬ್ರೇಕುಗಳಲ್ಲಿರುವ ಮಿನರಲ್ ಆಯಿಲ್ ತೇವ ಹೀರುವುದಿಲ್ಲ. ಆದರೆ ಹೇಗೋ ಒಳಗೆ ಸೇರಿದ ನೀರಿನ ಹನಿ ಬೆರೆಯದೆ ಹಾಗೇ ಉಳಿದು 100 ಡಿಗ್ರಿಗೇ ಕುದಿಯುತ್ತದೆ. ಒಂದರ ಬ್ರೇಕಿಗೆ ಇನ್ನೊಂದನ್ನು ಹಾಕಿದರೆ ಒಳಗಿನ ಸೀಲುಗಳು ಹಾಳಾಗುತ್ತವೆ. ಕೇಬಲ್ ಡಿಸ್ಕಿನಲ್ಲಿ ಕುದಿಯುವುದಕ್ಕೆ ಏನೂ ಇಲ್ಲ. ಪ್ಯಾಡು ಸವೆದಂತೆ ಕೈಯಿಂದ ಬಿಗಿ ಮಾಡುತ್ತಿರಬೇಕು ಅಷ್ಟೇ. ದೊಡ್ಡ ಘಾಟಿಗಳನ್ನು ಇಳಿಯುವ ಅನೇಕ ಟ್ಯಾಂಡೆಮ್ ಸವಾರರು ಆವಿಡ್ ಬಿಬಿ7 ಥರದ ಕೇಬಲ್ ಡಿಸ್ಕನ್ನೇ ಬಿಡದೆ ಇಟ್ಟುಕೊಂಡಿದ್ದಾರೆ, ಅವರ ಲೆಕ್ಕ ಸರಿಯಾಗಿಯೇ ಇದೆ. ಅದರಲ್ಲೂ ಎರಡು ಬಗೆ ಇವೆ, ಡ್ರಾಪ್ ಹ್ಯಾಂಡಲ್ ಲಿವರಿಗೊಂದು, ನೇರ ಹ್ಯಾಂಡಲ್ ಲಿವರಿಗೊಂದು. ಮೊದಲು ಹೇಳಿದ ಎಳೆತದ ಮಾತು ಇಲ್ಲೂ ಅನ್ವಯಿಸುತ್ತದೆ.

ಬ್ರೇಕು ಯಾವುದೇ ಇರಲಿ, ಇಳಿಯುವ ರೀತಿಯಲ್ಲೂ ಅರ್ಧ ಕೆಲಸ ಇದೆ. ಅದೇ ಶೇಕಡಾ 8ರ ಇಳಿಜಾರಿನಲ್ಲಿ ಗಂಟೆಗೆ 10 ಕಿ.ಮೀ. ವೇಗ ಹಿಡಿದಿಟ್ಟರೆ ಬ್ರೇಕಿಗೆ ಬರುವುದು ಸುಮಾರು 330 ವ್ಯಾಟ್. 20 ಕಿ.ಮೀ. ಆದರೆ 620. 45ರ ಹತ್ತಿರ ಅದು ತುತ್ತತುದಿ ಮುಟ್ಟುತ್ತದೆ, 1,000ದ ಹತ್ತಿರ. ಅದಕ್ಕಿಂತ ವೇಗವಾದರೆ ಗಾಳಿಯೇ ಹೆಚ್ಚು ಹೊರೆ ಹೊತ್ತು ಬ್ರೇಕಿನ ಪಾಲು ಮತ್ತೆ ಇಳಿಯುತ್ತದೆ. ಅಂದರೆ ಬ್ರೇಕಿಗೆ ಎಲ್ಲಕ್ಕಿಂತ ಕಷ್ಟದ್ದು 30ರಿಂದ 50ರ ನಡುವಿನ ವೇಗವನ್ನು ಬಿಡದೆ ಹಿಡಿದು ಇಳಿಯುವುದು. ಹಾಯಾಗಿದೆ ಅನ್ನಿಸುವ ವೇಗವೂ ಅದೇ. ರಸ್ತೆ ನೆಟ್ಟಗೆ, ಖಾಲಿ, ಮುಂದಿನದೆಲ್ಲ ಕಾಣುವಂತಿದ್ದರೆ ಇಬ್ಬರೂ ಬೆನ್ನು ನೆಟ್ಟಗೆ ಮಾಡಿ ಕೂತು ಗಾಳಿಗೆ ಎದೆ ಕೊಡಿ, ಸೈಕಲ್ ಸ್ವಲ್ಪ ಓಡಲಿ, ತಿರುವಿನ ಮುಂಚೆ ಎರಡೂ ಬ್ರೇಕನ್ನು ಬಲವಾಗಿ ಹಿಡಿದು ವೇಗ ಇಳಿಸಿ, ಬಿಡಿ. ಬಿಟ್ಟಾಗ ರಿಮ್ಮಿಗೆ ಗಾಳಿ ತಾಗಿ ತಣಿಯುತ್ತದೆ. ತಿರುವುಗಳು ಒತ್ತೊತ್ತಾಗಿದ್ದರೆ, ರಸ್ತೆ ಕೆಟ್ಟಿದ್ದರೆ, ನಿಮಗಾಗಲಿ ತಮ್ಮನಿಗಾಗಲಿ ವೇಗ ಹಿಡಿಸದಿದ್ದರೆ, ತೀರಾ ನಿಧಾನಕ್ಕೆ ಇಳಿಯಿರಿ. ಅದರಲ್ಲಿ ಸಣ್ಣತನ ಏನೂ ಇಲ್ಲ, ಬ್ರೇಕಿಗೂ ಅದು ಸುಲಭ.

ಡ್ರಮ್ಮು ಸಿಗುವ ತನಕ ಉದ್ದ ಇಳಿಜಾರು ಇಳಿಯಲೇಬೇಕಾಗಿ ಬಂದರೆ ನಡುನಡುವೆ ನಿಲ್ಲಿಸಿ. ನಿಲ್ಲಿಸಿದಾಗ ರಿಮ್ಮಿನ ಹತ್ತಿರ ಕೈಯ ಹಿಂಭಾಗ ಒಯ್ಯಿರಿ, ಮುಟ್ಟಬೇಡಿ. ಕಾವು ತಡೆಯಲಾಗದಷ್ಟಿದ್ದರೆ ತಣಿಯುವ ತನಕ ಕಾಯಿರಿ. ನೀರು ಸುರಿಯಬೇಡಿ. ನಿಮ್ಮ ತಮ್ಮನಿಗೆ ಮೊದಲೇ ಹೇಳಿಡಿ, ಇಳಿದ ಕೂಡಲೇ ಚಕ್ರ, ಡ್ರಮ್ಮು ಇರುವ ಕಡೆಗೆ ಕೈ ಚಾಚದಿರಲಿ.

ಕೆಲಸದ ಕ್ರಮ ಹೀಗಿರಲಿ: ರಿಮ್ಮಿನ ಪಕ್ಕೆ ಮತ್ತು ರಿಮ್ ಪಟ್ಟಿ ಇವತ್ತೇ. ನಂತರ ವಿ-ಬ್ರೇಕು, ಲಿವರು, ಔಟರು, ಒಳತಂತಿ ಒಟ್ಟಿಗೆ, ಒಂದೇ ಸಲಕ್ಕೆ. ಒಂದೊಂದಾಗಿ ಮಾಡಿದರೆ ನಡುವಿನ ದಿನಗಳಲ್ಲಿ ಹೊಂದದ ಬ್ರೇಕಿನಲ್ಲಿ ಓಡಾಡಬೇಕಾಗುತ್ತದೆ. ಹೊಸ ತಂತಿ ಮೊದಲ ಕೆಲವು ದಿನ ಕೂತುಕೊಳ್ಳುತ್ತಾ ಸಡಿಲವಾಗುತ್ತದೆ, ಪ್ರತಿ ಸವಾರಿಗೆ ಮೊದಲು ಲಿವರನ್ನು ಪೂರ್ತಿ ಬಲದಿಂದ ಒತ್ತಿ ನೋಡಿ. ಹ್ಯಾಂಡಲ್ಲಿಗೂ ಲಿವರಿಗೂ ನಡುವೆ ಎರಡು ಬೆರಳು ಹಿಡಿಯುವಷ್ಟು ಜಾಗ ಉಳಿಯಬೇಕು. ಉಳಿಯದಿದ್ದರೆ ಬಿಗಿ ಮಾಡಿ ಹೊರಡಿ. ಡ್ರಮ್ಮು ಹುಡುಕುವಾಗ ಹಬ್‌ನ ಥ್ರೆಡ್ ಅಳತೆಯನ್ನು ಬರೆದಿಟ್ಟುಕೊಂಡು ಹೋಗಿ. ಹಾಳಾದ ಥ್ರೆಡ್ ಇದ್ದರೆ ಅದು ಹಳೆಯ ಫ್ರೀವ್ಹೀಲ್ ಒಂದನ್ನು ಕೈಯಿಂದ ತಿರುಗಿಸಿ ನೋಡಿದಾಗಲೇ ಗೊತ್ತಾಗುತ್ತದೆ. ಅದು ತಡೆಯಿಲ್ಲದೆ ಕೊನೆ ತನಕ ಹೋಗಬೇಕು.